ಹಳೇ ಮಿಯಾಟಾಗೆ ಹೊಸ ವೀಲ್: ಮೊದಲು ಟೈರ್ ಆರಿಸಿ, ರಿಮ್ ಆಮೇಲೆ

ಅಮೆರಿಕಾದಲ್ಲಿರೋ ನಮ್ಮವರು ಕಮ್ಮಿ ದುಡ್ಡಲ್ಲಿ ಒಂದು ಸ್ಪೋರ್ಟ್ಸ್ ಕಾರ್ ಬೇಕು ಅಂತ ಸೆಕೆಂಡ್ ಹ್ಯಾಂಡ್ ಹುಡುಕೋಕೆ ಕೂತ್ರೆ ಬೇಗನೇ ಕಣ್ಣಿಗೆ ಬೀಳೋದು ಮಾಜ್ದಾ ಮಿಯಾಟಾ. 1989ರಲ್ಲಿ ಬಂದ ಎರಡೇ ಸೀಟಿನ, ಟಾಪ್ ಬಿಚ್ಚೋ ಪುಟ್ಟ ಕಾರು, ತೂಕ ಹತ್ತಿರ ಹತ್ತಿರ ಒಂದು ಟನ್, ಪವರ್ ಹಿಂದಿನ ಚಕ್ರಕ್ಕೆ. ಕಾರ್ ಮನೆಗೆ ಬಂದ್ಮೇಲೆ ತುಂಬಾ ಜನ ಮೊದಲು ಕೈ ಹಾಕೋದು ವೀಲ್‌ಗೆ, ದುಡ್ಡು ಹಾಳಾಗೋದೂ ಅಲ್ಲೇ. ಫೋಟೋದಲ್ಲಿ ಚೆನ್ನಾಗಿ ಕಾಣತ್ತೆ ಅಂತ 17 ಇಂಚಿನ ರಿಮ್ ತಗೊಂಡ್‌ಬಿಡ್ತಾರೆ, ಆಮೇಲೆ ಅದಕ್ಕೆ ಟೈರ್ ಹುಡುಕ್ತಾರೆ. ಇದನ್ನ ಪೂರ್ತಿ ಉಲ್ಟಾ ಮಾಡಿ. ರಸ್ತೆ ಮುಟ್ಟೋದು ಟೈರು, ಹಿಡಿತ ಕೊಡೋದೂ ಅದೇ, ಹಾಗಾಗಿ ಮೊದಲು ಟೈರ್ ಸೈಜ್ ತೀರ್ಮಾನ ಆಗ್ಲಿ, ಅದಕ್ಕೆ ಸರಿಹೋಗೋ ರಿಮ್ ಆಮೇಲೆ ನೋಡಿ.

ಮೊದಲ ತಲೆಮಾರಿನ ಮಿಯಾಟಾಗೆ, ಅಂದ್ರೆ ಎಲ್ಲರೂ ಎನ್‌ಎ ಅಂತ ಕರೆಯೋ ಮಾಡೆಲ್‌ಗೆ, ಕಂಪನಿ ಹಾಕಿದ್ದ ಟೈರ್ 185/60 ಆರ್14. ಇದರಲ್ಲಿ 185 ಅಂದ್ರೆ ಟೈರಿನ ಅಗಲ ಮಿಲಿಮೀಟರಲ್ಲಿ, 60 ಅಂದ್ರೆ ಆ ಅಗಲದ ನೂರಕ್ಕೆ ಅರವತ್ತರಷ್ಟು ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ, 14 ರಿಮ್ಮಿನ ಇಂಚು. ಲೆಕ್ಕ ಹಾಕಿದ್ರೆ ಟೈರಿನ ಒಟ್ಟು ವ್ಯಾಸ ಸುಮಾರು 578 ಮಿಲಿಮೀಟರ್. ಈ ನಂಬರ್ ಬರೆದಿಟ್ಕೊಳಿ, ಹೊಸ ಟೈರ್ ಇದರ ಆಸುಪಾಸಲ್ಲೇ ಇರ್ಬೇಕು. 195/50 ಆರ್15 ಹಾಕಿದ್ರೆ 576 ಬರತ್ತೆ, ಹೆಚ್ಚುಕಮ್ಮಿ ಅಷ್ಟೇ. 205/50 ಆರ್15 ಹಾಕಿದ್ರೆ 586, ಒಂದೂವರೆ ಪರ್ಸೆಂಟ್ ದೊಡ್ಡದು, ಸ್ಪೀಡೋಮೀಟರ್ 60 ತೋರಿಸ್ವಾಗ ಮೊದಲಿಗಿಂತ ಒಂದು ಮೈಲಿಯಷ್ಟು ಜಾಸ್ತಿ ಓಡ್ತಿರತ್ತೆ, ಅಷ್ಟು ಪರವಾಗಿಲ್ಲ. 205/40 ಆರ್17ಗೆ ಬಂದ್ರೆ 596, ಗೇರಿಂಗ್ ಉದ್ದ ಆಗತ್ತೆ, ಅಂದ್ರೆ ಅದೇ ಗೇರಲ್ಲಿ ಎಳೆತ ಕಮ್ಮಿ ಆಗತ್ತೆ, ಸೈಡ್‌ವಾಲ್ ಸಣ್ಣದಾಗತ್ತೆ, ಗುಂಡಿಗೆ ಬಿದ್ರೆ ರಿಮ್ ಬಗ್ಗೋ ಚಾನ್ಸ್ ಜಾಸ್ತಿ, ಇಷ್ಟು ಹಗುರ ಕಾರಿಗೆ ಅಷ್ಟು ಭಾರದ ಚಕ್ರ ಕಟ್ಟಿದ್ರೆ ಅದರ ಚುರುಕುತನವೇ ಹೋಗತ್ತೆ.

ಹಾಗಾದ್ರೆ 14 ಇಂಚಲ್ಲೇ ಇದ್ಬಿಡ್ಬಹುದಲ್ಲ ಅಂದ್ರೆ, ಇರಬಹುದು. ಹಳೇ ಏಳು ಕಡ್ಡಿಯ ಕಂಪನಿ ಅಲಾಯ್ ತುಂಬಾ ಹಗುರ, ಅದನ್ನ ಕಿತ್ತು ಬಿಸಾಕೋ ಅಗತ್ಯ ಇಲ್ಲ. ತೊಂದ್ರೆ ಏನಂದ್ರೆ 14 ಇಂಚಿನ ಸೈಜಲ್ಲಿ ಒಳ್ಳೆ ಹಿಡಿತದ ಟೈರ್ ಸಿಗೋದು ಕಷ್ಟ, ಬಹುತೇಕ ಸಾಧಾರಣ ಆಲ್ ಸೀಸನ್ ಟೈರೇ ಉಳ್ಕೊಂಡಿರೋದು. 15 ಇಂಚಿಗೆ ಬಂದ್ರೆ 195/50, 205/50, 225/45 ಮೂರರಲ್ಲೂ ಒಳ್ಳೆ ಟೈರ್ ಇದೆ, ಬೆಲೆಯೂ ದೊಡ್ಡ ಸೈಜಿಗಿಂತ ಕಮ್ಮಿ. ಅದಕ್ಕೇ ನನ್ನ ಓಟು 15 ಇಂಚಿಗೆ. ದಿನಾ ಆಫೀಸಿಗೆ ಹೋಗೋರಿಗೆ 195/50 ಸಾಕು, ವೀಕೆಂಡಲ್ಲಿ ಬೆಟ್ಟದ ರೋಡು, ಆಟೋಕ್ರಾಸ್ (ಖಾಲಿ ಜಾಗದಲ್ಲಿ ಕೋನ್ ಇಟ್ಟು ನಡೆಸೋ ಟೈಮ್ ರೇಸ್) ಅಂತ ಹೋಗೋರು 205/50 ತಗೊಳಿ. 225 ಹಾಕೋಕೆ ಅಗಲದ ರಿಮ್ ಬೇಕು, ಫೆಂಡರ್ (ಚಕ್ರದ ಮೇಲಿನ ಬಾಡಿ ಭಾಗ) ಕೆಲಸವೂ ಬೀಳಬಹುದು, ಬಜೆಟ್ ಕಮ್ಮಿ ಇದ್ರೆ ಅದರ ತಂಟೆಗೆ ಹೋಗ್ಬೇಡಿ.

ಟೈರ್ ಮೇಲೆ ಇನ್ನೂ ಮೂರು ವಿಷಯ ಓದ್ಬೇಕು. ಸೈಜ್ ಆದ್ಮೇಲೆ 82ಎಚ್ ಥರ ಒಂದು ನಂಬರ್ ಇರತ್ತೆ, 82 ಅಂದ್ರೆ ಒಂದು ಟೈರ್ 475 ಕೆಜಿ ಹೊರತ್ತೆ, ಎಚ್ ಅಂದ್ರೆ ಗಂಟೆಗೆ 210 ಕಿಲೋಮೀಟರ್‌ವರೆಗೆ ಸರಿ, ಹೊಸ ಟೈರ್ ಹಳೇದಕ್ಕಿಂತ ಇದರಲ್ಲಿ ಕಮ್ಮಿ ಇರ್ಬಾರ್ದು. ಎರಡನೇದು ಟ್ರೆಡ್‌ವೇರ್, ಅಂದ್ರೆ ಟೈರ್ ಎಷ್ಟು ನಿಧಾನಕ್ಕೆ ಸವೆಯತ್ತೆ ಅಂತ ಹೇಳೋ ನಂಬರ್, 200 ಅಂದ್ರೆ ಮೆತ್ತಗಿನ ರಬ್ಬರ್, ಹಿಡಿತ ಜಾಸ್ತಿ, ಬೇಗ ಸವೆಯತ್ತೆ, 500 ಅಂದ್ರೆ ತುಂಬಾ ಕಾಲ ಬಾಳತ್ತೆ ಆದ್ರೆ ತಿರುವಲ್ಲಿ ಜಾರತ್ತೆ. ರಸ್ತೆಗೆ ಮುನ್ನೂರರ ಆಸುಪಾಸಿಂದು ಒಳ್ಳೇದು. ಮೂರನೇದು ತಯಾರಾದ ದಿನ, ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗೋ ಡಾಟ್ ಕೋಡಿನ ಕೊನೇ ನಾಲ್ಕು ಅಂಕಿ, 2319 ಅಂತಿದ್ರೆ 2019ರ 23ನೇ ವಾರ. ಸೆಕೆಂಡ್ ಹ್ಯಾಂಡ್ ವೀಲ್ ಜೊತೆ "ಟೈರೂ ಹೊಸದೇ ಇದೆ" ಅಂತ ಕೊಡೋರು ಇರ್ತಾರೆ, ಟ್ರೆಡ್ (ರಸ್ತೆ ಮುಟ್ಟೋ ಪಟ್ಟಿ) ತುಂಬಾ ಇದ್ರೂ ಆರೇಳು ವರ್ಷ ಹಳೇದಾಗಿದ್ರೆ ರಬ್ಬರ್ ಗಟ್ಟಿ ಆಗಿರತ್ತೆ, ಅದಕ್ಕೆ ಒಂದು ಡಾಲರ್ ಬೆಲೇನೂ ಕಟ್ಬೇಡಿ. ಮಿಷಿಗನ್, ಷಿಕಾಗೋ ಕಡೆ ಇರೋರು ಸಮ್ಮರ್ ಟೈರನ್ನ ಚಳಿಗಾಲದಲ್ಲಿ ಓಡಿಸ್ಲೇಬೇಡಿ, 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದ್ರೆ ಅದರ ಹಿಡಿತ ಕಮ್ಮಿ ಆಗ್ತಾ ಹೋಗತ್ತೆ.

ಈಗ ರಿಮ್. ಎನ್‌ಎ, ಎರಡನೇ ತಲೆಮಾರಿನ ಎನ್‌ಬಿ, ಈಗಿನ ನಾಲ್ಕನೇ ತಲೆಮಾರಿನ ಎನ್‌ಡಿ ಮೂರಕ್ಕೂ ಪಿಸಿಡಿ 4×100, ಅಂದ್ರೆ ನಾಲ್ಕು ಬೋಲ್ಟು, 100 ಮಿಲಿಮೀಟರ್ ವೃತ್ತದಲ್ಲಿ. ಮಧ್ಯದ ಮೂರನೇ ತಲೆಮಾರು ಎನ್‌ಸಿ ಮಾತ್ರ 5×114.3, ಅದರ ವೀಲ್ ಇದಕ್ಕೆ ಕೂರಲ್ಲ. ಸೆಂಟರ್ ಬೋರ್, ಅಂದ್ರೆ ವೀಲಿನ ನಡುವಿನ ತೂತು, 54.1 ಮಿಲಿಮೀಟರ್. ಹಳೇ ಹೋಂಡಾ ಸಿವಿಕ್, ಇಂಟೆಗ್ರಾದ 4×100 ವೀಲ್‌ಗಳು ಅಗ್ಗಕ್ಕೆ ಸಿಗ್ತವೆ, ಅವೂ ಕೂರ್ತವೆ, ಎರಡು ವಿಷಯ ನೆನಪಿದ್ರೆ. ಹೋಂಡಾ ಬೋರ್ 56.1, ಹಾಗಾಗಿ 56.1ರಿಂದ 54.1ಗೆ ಇಳಿಸೋ ಹಬ್ ರಿಂಗ್ ಹಾಕಿ, ಇಲ್ಲಾಂದ್ರೆ ಸ್ಪೀಡಲ್ಲಿ ಸ್ಟೀರಿಂಗ್ ನಡುಗಬಹುದು. ಇನ್ನೊಂದು, ಹೋಂಡಾ ಕಂಪನಿ ವೀಲಿಗೆ ನಟ್ಟಿನ ತಳ ಗುಂಡಗೆ ಇರ್ಬೇಕು, ಮಿಯಾಟಾ ನಟ್ಟಿನ ತಳ ಕೋನದ ಥರ ಚೂಪು, ಎರಡೂ ಎಂ12×1.5 ಆಗಿರೋದ್ರಿಂದ ಥ್ರೆಡ್ ಸಲೀಸಾಗಿ ಹತ್ತಿಬಿಡತ್ತೆ, ಆದ್ರೆ ತಳ ಪೂರ್ತಿ ಕೂತಿರಲ್ಲ, ಓಡ್ತಾ ಓಡ್ತಾ ಸಡಿಲ ಆಗತ್ತೆ. ಇದರಲ್ಲಿ ಉಳಿಸೋಕೆ ಹೋಗ್ಬೇಡಿ, ವೀಲಿಗೆ ತಕ್ಕ ನಟ್ಟು ಹೊಸದು ತಗೊಳಿ.

ಹೆಚ್ಚಿನವರಿಗೆ ಗೊಂದಲ ಆಗೋದು ಆಫ್‌ಸೆಟ್ಟಲ್ಲಿ. ರಿಮ್ಮಿನ ಅಗಲದ ಮಧ್ಯದ ಗೆರೆಯಿಂದ ಹಬ್ಬಿಗೆ (ವೀಲ್ ಕೂರೋ ಕಾರಿನ ಭಾಗಕ್ಕೆ) ಅಂಟೋ ಮುಖ ಎಷ್ಟು ದೂರ ಇದೆ ಅನ್ನೋದೇ ಆಫ್‌ಸೆಟ್, ಪ್ಲಸ್ ನಂಬರ್ ದೊಡ್ಡದಾದಷ್ಟೂ ಚಕ್ರ ಒಳಗೆ ಹೋಗತ್ತೆ, ಚಿಕ್ಕದಾದಷ್ಟೂ ಫೆಂಡರ್ ಕಡೆ ಬರತ್ತೆ. ಎನ್‌ಎ ಹಳೇ ರಿಮ್ ಐದೂವರೆ ಇಂಚು ಅಗಲ, ಆಫ್‌ಸೆಟ್ ಪ್ಲಸ್ 45 ಮಿಲಿಮೀಟರ್. ನೀವು ನೋಡಿರೋದು 7 ಇಂಚು, ಪ್ಲಸ್ 35 ಅಂತಿಟ್ಕೊಳಿ. ಅಗಲ ಒಂದೂವರೆ ಇಂಚು ಜಾಸ್ತಿ ಆಯ್ತು, ಅಂದ್ರೆ ಒಂದೊಂದು ಪಕ್ಕಕ್ಕೆ 19 ಮಿಲಿಮೀಟರ್. ಆಫ್‌ಸೆಟ್ 10 ಕಮ್ಮಿ ಆದ್ದರಿಂದ ಹೊರಗಡೆಗೆ 29 ಮಿಲಿಮೀಟರ್ ಬಂತು, ಒಳಗಡೆಗೆ ಬರೀ 9. ಈ ಎರಡು ನಂಬರ್ ಕೈಲಿ ಇಟ್ಕೊಂಡು ಸ್ಕೇಲ್ ಹಿಡಿದು ಕಾರಿನ ಹತ್ರ ಹೋಗಿ, ಒಳಗೆ ಸಸ್ಪೆನ್ಷನ್ನಿಗೆ ಎಷ್ಟು ಜಾಗ ಇದೆ, ಹೊರಗೆ ಫೆಂಡರಿನ ತುಟಿಗೆ ಎಷ್ಟಿದೆ ಅಂತ ಅಳೆದು ನೋಡಿ, ಹಬ್ಬಿನ ಹತ್ರ ಅಳೆದಿದ್ದೇ ನಿಮ್ಮ ಕಾರಿನ ಸತ್ಯ, ಯಾಕಂದ್ರೆ ತಗ್ಗಿಸಿದ ಕಾರಿಗೂ ತಗ್ಗಿಸದ ಕಾರಿಗೂ ವ್ಯತ್ಯಾಸ ಇರತ್ತೆ. ಬೇಕಾದ ಆಫ್‌ಸೆಟ್ ಸಿಗಲಿಲ್ಲ ಅಂತ ಸುಮ್ನೆ ತೂರಿಸೋ ಸ್ಪೇಸರ್ ಹಾಕೋದು ನನಗೆ ಒಪ್ಪಿಗೆ ಇಲ್ಲ, ಬೋಲ್ಟಿಗೆ ನಟ್ಟು ಹಿಡಿಯೋ ಉದ್ದ ಕಮ್ಮಿ ಆಗತ್ತೆ.

ಹೊಸದೇ ಬೇಕು ಅಂದ್ರೆ ಕೊನಿಗ್, ಎಂಕಿ ಇಂಥ ವೀಲ್ ಕಂಪನಿಗಳಲ್ಲಿ 15 ಇಂಚು 4×100 ಇವತ್ತಿಗೂ ಬರತ್ತೆ. ದುಬಾರಿ ವೀಲಿನ ಡಿಸೈನ್ ಕಾಪಿ ಮಾಡಿ ಹೆಸರಿಲ್ಲದೆ ಮಾರೋದನ್ನ ಮುಟ್ಬೇಡಿ, ಜಪಾನಿನ ವೀಲ್ ಗುಣಮಟ್ಟದ ಜೆಡಬ್ಲ್ಯೂಎಲ್ (JWL), ವಿಐಎ (VIA) ಗುರುತು ಇದೆಯಾ ಅಂತ ಹಿಂಭಾಗದಲ್ಲಿ ನೋಡಿ. ಹಳೇದು ತಗೊಳ್ತಿದ್ರೆ ವೀಲನ್ನ ತಿರುಗಿಸಿ ಒಳಗಿನ ಅಂಚು ನೋಡ್ಬೇಕು, ಬಗ್ಗಿರೋದು ಸಾಮಾನ್ಯವಾಗಿ ಅಲ್ಲೇ, ಕಡ್ಡಿ ಬೇರಿನ ಹತ್ರ ಕೂದಲಿನಂಥ ಬಿರುಕು ಇದ್ರೆ ಅಥವಾ ವೆಲ್ಡ್ ಮಾಡಿ ಪೇಂಟ್ ಹೊಡೆದಿದ್ರೆ ಎಷ್ಟೇ ಅಗ್ಗ ಆಗಿರ್ಲಿ ವಾಪಸ್ ಬನ್ನಿ. ಆಗೋದಾದ್ರೆ ಹತ್ತಿರದ ಟೈರ್ ಅಂಗಡೀಲಿ ದುಡ್ಡು ಕೊಡೋ ಮುಂಚೆನೇ ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ಒಂದ್ಸಲ ತಿರುಗಿಸಿ ನೋಡಿ.

ಟೈರ್ ಹಾಕಿಸೋ ಮುಂಚೆ ಬರೀ ರಿಮ್ ಒಂದನ್ನ ಮುಂದಿನ ಹಬ್ಬಿಗೆ ಹಾಕಿ ಬ್ರೇಕ್ ಕ್ಯಾಲಿಪರಿಗೆ ತಾಗ್ತಿದ್ಯಾ ಅಂತ ಕೈಲಿ ತಿರುಗಿಸಿ ನೋಡಿ, ಟೈರ್ ಹಾಕಿದ್ಮೇಲೆ ಅಂಗಡಿಯವರು ವಾಪಸ್ ತಗೊಳಲ್ಲ. ನಟ್ಟನ್ನ ಎದುರುಬದುರಾಗಿ, ಟಾರ್ಕ್ ರೆಂಚಲ್ಲಿ ಸುಮಾರು 80 ಪೌಂಡ್ ಫೂಟ್‌ಗೆ ಬಿಗಿ ಮಾಡಿ, 50 ಮೈಲಿ ಓಡಿಸಿ ಮತ್ತೆ ಬಿಗಿ ನೋಡಿ. ಎನ್‌ಎಗೆ ಕಂಪನಿ ಹೇಳಿರೋ ಗಾಳಿ 26 ಪಿಎಸ್‌ಐ, ಇಷ್ಟು ಹಗುರ ಕಾರಿಗೆ 35 ತುಂಬಿಸ್ಬೇಡಿ. ಎನ್‌ಡಿ ಇದ್ದೋರು ಟೈರ್ ಪ್ರೆಷರ್ ಸೆನ್ಸರ್ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ. ಆಮೇಲೆ ಇಬ್ಬರು ಕೂತು, ಡಿಕ್ಕೀಲಿ ಸ್ವಲ್ಪ ತೂಕ ಇಟ್ಟು, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹಂಪ್ ಮೇಲೆ ನಿಧಾನಕ್ಕೆ ಹೋಗಿ ಕಿವಿಗೊಡಿ, ಹಿಂದಿನ ಫೆಂಡರ್ ತುಟಿ ಉಜ್ಜಿದ ಗುರುತು ಟೈರ್ ಭುಜದ ಮೇಲೆ ಕಂಡ್ರೆ ಆ ತುಟಿನ ಒಳಗೆ ಮಡಿಸೋಕೆ ಬಾಡಿ ಶಾಪಿಗೆ ಕೊಡಿ.