ಅಮೆರಿಕಕ್ಕೆ ಹೊಸಬರೇ? ಈ ಬೇಸಿಗೆ ಲೈಬ್ರರಿಯ ಡೆಸ್ಕಿಗೆ ಹೋಗಿ ಕೇಳಿ

ಜೂನ್ ಬಂತೆಂದರೆ ಇಲ್ಲಿ ಶಾಲೆಗಳಿಗೆ ರಜೆ. ಕೆಲವು ರಾಜ್ಯಗಳಲ್ಲಿ ಮೇ ಕೊನೆಗೇ ಮುಚ್ಚುತ್ತವೆ. ಮತ್ತೆ ತೆರೆಯುವುದು ಆಗಸ್ಟ್‌ನಲ್ಲೋ ಸೆಪ್ಟೆಂಬರ್‌ನಲ್ಲೋ. ಅಷ್ಟು ದಿನ ಮಕ್ಕಳನ್ನು ಏನು ಮಾಡುವುದು ಅಂತ ಹೊಸದಾಗಿ ಬಂದ ಕನ್ನಡ ಕುಟುಂಬಗಳು ಪ್ರತಿ ವರ್ಷ ಕೇಳುತ್ತವೆ. ಸಮ್ಮರ್ ಕ್ಯಾಂಪ್ ಎಲ್ಲರ ಕೈಗೆ ಎಟುಕುವುದಿಲ್ಲ. ಒಬ್ಬರ ಸಂಬಳದಲ್ಲಿ ಮನೆ ನಡೆಯುತ್ತಿದ್ದರೆ, ಇರುವ ಒಂದು ಕಾರು ಬೆಳಿಗ್ಗೆಯೇ ಆಫೀಸಿಗೆ ಹೋಗುತ್ತಿದ್ದರೆ ಇನ್ನೂ ಕಷ್ಟ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ನಿಮ್ಮ ಊರಿನ ಪಬ್ಲಿಕ್ ಲೈಬ್ರರಿಗೆ ಹೋಗಿ. ಸುಮ್ನೆ ಪುಸ್ತಕ ತಂದು ವಾಪಸ್ ಕೊಟ್ಟು ಬಂದರೆ ಸಾಲದು. ಅಲ್ಲಿ ಡೆಸ್ಕಿನಲ್ಲಿ ಕೂತವರನ್ನು ಮಾತಾಡಿಸಿ, ಬೇಕಾದ್ದನ್ನು ಬಾಯಿಬಿಟ್ಟು ಕೇಳಿ. ಅವರಿಗೆ ತೊಂದರೆ ಕೊಡಬಾರದು ಅಂತ ನಮ್ಮವರು ಹಿಂಜರಿಯುತ್ತಾರೆ. ಆದರೆ ಅವರು ಅಲ್ಲಿ ಕೂತಿರುವುದೇ ಕೇಳಲಿ ಅಂತ.

ಮೊದಲು ಕಾರ್ಡ್. ಊರಿನಲ್ಲಿ ವಾಸ ಇರುವವರಿಗೆ ಅದು ಉಚಿತ. ಫೋಟೋ ಇರುವ ಗುರುತಿನ ಚೀಟಿ ಒಂದು, ವಿಳಾಸದ ಪುರಾವೆ ಒಂದು, ಸಾಮಾನ್ಯವಾಗಿ ಕೇಳುವುದು ಇಷ್ಟೇ. ಡ್ರೈವಿಂಗ್ ಲೈಸೆನ್ಸ್ ಇನ್ನೂ ಆಗದಿದ್ದರೆ ಪಾಸ್‌ಪೋರ್ಟ್ ಜೊತೆಗೆ ಮನೆಯ ಲೀಸ್ ಅಥವಾ ಕರೆಂಟ್ ಬಿಲ್ ತೆಗೆದುಕೊಂಡು ಹೋಗಿ. ಮಕ್ಕಳಿಗೂ ಅವರ ಹೆಸರಿನಲ್ಲೇ ಕಾರ್ಡ್ ಮಾಡಿಸಿ, ಸಹಿ ನೀವು ಹಾಕಿದರಾಯಿತು. ತಡವಾದರೆ ದಂಡ ಕಟ್ಟಬೇಕಾಗುತ್ತದೆ ಎಂಬ ಭಯಕ್ಕೆ ಎರಡೇ ಪುಸ್ತಕ ತರುವವರಿದ್ದಾರೆ. ಆ ಭಯ ಬಿಡಿ. ಶಿಕಾಗೋ ಲೈಬ್ರರಿ 2019ರಲ್ಲಿ ತಡದ ದಂಡವನ್ನು ಪೂರ್ತಿ ತೆಗೆದುಹಾಕಿತು, ನ್ಯೂಯಾರ್ಕ್ ನಗರದ ಲೈಬ್ರರಿಗಳು 2021ರಲ್ಲಿ. ಸಣ್ಣ ಊರುಗಳಲ್ಲೂ ಬಹಳ ಕಡೆ ಹೀಗೆಯೇ ಆಗಿದೆ. ಪುಸ್ತಕ ಕಳೆದುಹೋದರೆ ಅಥವಾ ಹಾಳಾದರೆ ಮಾತ್ರ ಅದರ ಬೆಲೆ ಕೊಡಬೇಕು. ಇನ್ನೊಂದು ವಿಷಯ: ನಿಮ್ಮ ಊರಿನ ಲೈಬ್ರರಿ ಚಿಕ್ಕದಾಗಿದ್ದರೆ ಪಕ್ಕದ ಊರಿನ ದೊಡ್ಡ ಲೈಬ್ರರಿ ಕಾರ್ಡ್ ಕೊಡುತ್ತದಾ ವಿಚಾರಿಸಿ. ನ್ಯೂಯಾರ್ಕ್ ರಾಜ್ಯದಲ್ಲಿ ಎಲ್ಲೇ ಇರಿ, ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಕಾರ್ಡ್ ನಿಮಗೆ ಸಿಗುತ್ತದೆ.

ಈಗ ಬೇಸಿಗೆಯ ದೊಡ್ಡ ಕಾರ್ಯಕ್ರಮ, ಸಮ್ಮರ್ ರೀಡಿಂಗ್. ರಜೆಯಲ್ಲಿ ಮಕ್ಕಳ ಓದು ಹಿಂದೆ ಬೀಳಬಾರದು ಅಂತ ದೇಶದ ಉದ್ದಗಲಕ್ಕೂ ಲೈಬ್ರರಿಗಳು ಇದನ್ನು ನಡೆಸುತ್ತವೆ. ಹಲವು ರಾಜ್ಯಗಳು ಸೇರಿ ವರ್ಷಕ್ಕೊಂದು ವಿಷಯ ಇಟ್ಟುಕೊಳ್ಳುತ್ತವೆ. 2025ರದ್ದು ‘ಕಲರ್ ಅವರ್ ವರ್ಲ್ಡ್’ ಆಗಿತ್ತು, ಅಂದರೆ ಬಣ್ಣ, ಚಿತ್ರ, ಕಲೆ. ಸೇರುವುದು ಸುಲಭ. ಡೆಸ್ಕಿನಲ್ಲಿ ಒಂದು ಹಾಳೆ ಕೊಡುತ್ತಾರೆ, ಇಲ್ಲವೇ ಬೀನ್‌ಸ್ಟ್ಯಾಕ್‌ನಂಥ ಆ್ಯಪ್‌ನಲ್ಲಿ ಹೆಸರು ಹಾಕಿಸುತ್ತಾರೆ. ದಿನಕ್ಕೆ ಎಷ್ಟು ನಿಮಿಷ ಓದಿದಿರಿ ಅಥವಾ ಎಷ್ಟು ಪುಸ್ತಕ ಮುಗಿಸಿದಿರಿ ಅಂತ ಬರೆಯುತ್ತಾ ಹೋಗುವುದು. ಗುರಿ ಮುಟ್ಟಿದ ಮಕ್ಕಳಿಗೆ ಬಹುಮಾನ ಇರುತ್ತದೆ. ಬಹಳ ಕಡೆ ಅದು ಮಗುವೇ ಆರಿಸಿಕೊಂಡ ಒಂದು ಹೊಸ ಪುಸ್ತಕ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕನ್ನಡದಲ್ಲಿ ಓದಿದ್ದೂ ಓದೇ. ರಾತ್ರಿ ಮಲಗುವಾಗ ನೀವು ಮಗುವಿಗೆ ಕನ್ನಡ ಕಥೆ ಓದಿ ಹೇಳಿದ ಇಪ್ಪತ್ತು ನಿಮಿಷವನ್ನೂ ಆ ಹಾಳೆಯಲ್ಲಿ ಬರೆಯಿರಿ. ಯಾವ ಭಾಷೆಯ ಓದಾದರೂ ಸಾಮಾನ್ಯವಾಗಿ ಒಪ್ಪುತ್ತಾರೆ. ಅನುಮಾನವಿದ್ದರೆ ಕೇಳಿ, ‘ಖಂಡಿತ ಬರೆಯಿರಿ’ ಅಂತಲೇ ಹೇಳುತ್ತಾರೆ. ಆಡಿಯೋ ಪುಸ್ತಕ ಕೇಳಿದ್ದು, ಕಾಮಿಕ್ಸ್ ಓದಿದ್ದು ಕೂಡ ಬಹಳ ಕಡೆ ಲೆಕ್ಕಕ್ಕೆ ಬರುತ್ತದೆ. ಕಾಮಿಕ್ಸ್ ಓದುವ ಮಗುವಿನ ಕೈಯಿಂದ ಅದನ್ನು ಕಿತ್ತುಕೊಂಡು ‘ಒಳ್ಳೆಯ ಪುಸ್ತಕ ಓದು’ ಅನ್ನುವ ಅಪ್ಪ ಅಮ್ಮಂದಿರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹೊಸ ದೇಶ, ಹೊಸ ಶಾಲೆ, ಹೊಸ ಉಚ್ಚಾರ, ಇಷ್ಟರ ನಡುವೆ ಮಗು ತಾನಾಗಿ ಒಂದು ಪುಸ್ತಕ ಹಿಡಿದಿದೆಯಲ್ವಾ? ಓದಲಿ ಬಿಡಿ.

ಇನ್ನೂ ಶಾಲೆಗೆ ಸೇರದ ಪುಟಾಣಿಗಳಿಗೆ ಕಿಂಡರ್‌ಗಾರ್ಟನ್‌ಗೆ ಮುಂಚೆ 1000 ಪುಸ್ತಕ ಓದಿಸುವ ಕಾರ್ಯಕ್ರಮ ಬೇರೆಯೇ ಇದೆ. ಒಂದೇ ಪುಸ್ತಕವನ್ನು ಹತ್ತು ಸಲ ಓದಿದರೆ ಹತ್ತು ಅಂತಲೇ ಲೆಕ್ಕ. ದೊಡ್ಡವರಿಗೂ ಹಲವು ಕಡೆ ಸಮ್ಮರ್ ರೀಡಿಂಗ್ ಇರುತ್ತದೆ. ನೀವೂ ಸೇರಿ.

ಕಾರ್ಯಕ್ರಮಗಳ ಪಟ್ಟಿ ನೋಡಿದರೆ ತಲೆ ತಿರುಗುವಷ್ಟಿರುತ್ತದೆ. ಸ್ಟೋರಿ ಟೈಮ್, ಮ್ಯಾಜಿಕ್ ಷೋ, ಲೆಗೋ, ಚೆಸ್, ಕೋಡಿಂಗ್, ಹೊರಗಿನ ಹುಲ್ಲಿನ ಮೇಲೆ ಸಂಗೀತ. ಜನಪ್ರಿಯವಾದವಕ್ಕೆ ಮೊದಲೇ ಹೆಸರು ಕೊಡಬೇಕು, ಬೇಗ ತುಂಬಿಹೋಗುತ್ತವೆ. ಹೆಸರು ಕೊಟ್ಟು ಹೋಗಲಾಗದಿದ್ದರೆ ರದ್ದು ಮಾಡಿ, ಕಾಯುತ್ತಿರುವ ಇನ್ನೊಂದು ಮಗುವಿಗೆ ಜಾಗ ಸಿಗುತ್ತದೆ. ಸ್ಟೋರಿ ಟೈಮ್‌ಗೆ ಹೋದಾಗ ಮಗುವನ್ನು ಕೂರಿಸಿ ಹಿಂದೆ ಫೋನ್ ನೋಡುತ್ತಾ ನಿಲ್ಲಬೇಡಿ. ಅಲ್ಲಿ ಪೋಷಕರೂ ನೆಲದ ಮೇಲೆ ಕೂತು, ಚಪ್ಪಾಳೆ ತಟ್ಟಿ, ಜೊತೆಗೆ ಹಾಡುವುದು ರೂಢಿ. ಪಕ್ಕದಲ್ಲಿ ಕೂತ ಅಮ್ಮನೋ ಅಜ್ಜನೋ ನಿಮ್ಮ ಊರಿನ ಮೊದಲ ಪರಿಚಯ ಆಗುವುದು ಹೀಗೇ. ಮತ್ತೆ, ಮಕ್ಕಳನ್ನು ಲೈಬ್ರರಿಯಲ್ಲಿ ಬಿಟ್ಟು ದಿನಸಿ ತರಲು ಹೋಗಬೇಡಿ. ಎಷ್ಟು ವಯಸ್ಸಿನವರೆಗೆ ದೊಡ್ಡವರು ಜೊತೆಗಿರಬೇಕು ಎಂಬ ನಿಯಮ ಒಂದೊಂದು ಲೈಬ್ರರಿಯಲ್ಲಿ ಒಂದೊಂದು ಥರ ಇರುತ್ತದೆ. ಮೊದಲೇ ಕೇಳಿ ತಿಳಿದುಕೊಳ್ಳಿ, ಇದು ಗಂಭೀರ ವಿಷಯ.

ಮ್ಯೂಸಿಯಂ ಪಾಸ್ ಬಗ್ಗೆಯೂ ಕೇಳಿ. ಲೈಬ್ರರಿ ಕಾರ್ಡ್ ಮೇಲೆ ಹತ್ತಿರದ ಮ್ಯೂಸಿಯಂ, ಮೃಗಾಲಯಗಳಿಗೆ ಪುಕ್ಕಟೆ ಅಥವಾ ಕಡಿಮೆ ದರದ ಪಾಸ್ ಕೊಡುವ ಲೈಬ್ರರಿಗಳು ಬಹಳ ಇವೆ. ಬೇಸಿಗೆಯ ಶನಿವಾರ ಭಾನುವಾರಗಳ ಪಾಸ್‌ಗಳು ಮೊದಲೇ ಖಾಲಿಯಾಗುತ್ತವೆ, ವಾರದ ನಡುವಿನ ದಿನ ನೋಡಿಕೊಳ್ಳಿ.

ಯಾವ ಪುಸ್ತಕ ಓದಿಸುವುದು? ಇದನ್ನು ನೆಟ್‌ನಲ್ಲಿ ಹುಡುಕುವುದಕ್ಕಿಂತ ಮಕ್ಕಳ ವಿಭಾಗದ ಲೈಬ್ರೇರಿಯನ್ ಹತ್ತಿರ ಕೇಳುವುದು ಎಷ್ಟೋ ಮೇಲು. ಹೇಗೆ ಕೇಳುತ್ತೀರಿ ಎನ್ನುವುದು ಮುಖ್ಯ. ‘ಎಂಟು ವರ್ಷದ ಹುಡುಗನಿಗೆ ಒಂದು ಒಳ್ಳೆಯ ಪುಸ್ತಕ ಕೊಡಿ’ ಅಂದರೆ ಅವರಿಗೆ ಏನೂ ಸಿಕ್ಕಿದಂತಾಗುವುದಿಲ್ಲ. ‘ನಾಯಿ ಅಂದರೆ ಇವನಿಗೆ ಪ್ರಾಣ, ಚಿತ್ರ ಜಾಸ್ತಿ ಇರಬೇಕು, ಹೆದರಿಸುವ ಕಥೆ ಬೇಡ, ಈ ಪುಸ್ತಕ ಇಷ್ಟಪಟ್ಟ, ಆ ಪುಸ್ತಕ ಅರ್ಧಕ್ಕೇ ಬಿಟ್ಟ’ ಅಂತ ಹೇಳಿ ನೋಡಿ. ಎದ್ದು ನಿಮ್ಮ ಜೊತೆ ಕಪಾಟಿನವರೆಗೆ ಬರುತ್ತಾರೆ. ನಾಲ್ಕೈದು ಪುಸ್ತಕ ತೆಗೆದು ಕೈಗೆ ಕೊಟ್ಟು ಒಂದೊಂದರ ಬಗ್ಗೆ ಎರಡು ಮಾತು ಹೇಳುತ್ತಾರೆ. ಅರ್ಧಕ್ಕೆ ಬಿಟ್ಟ ಪುಸ್ತಕದ ಹೆಸರು ಇಷ್ಟಪಟ್ಟ ಪುಸ್ತಕದಷ್ಟೇ ಅವರಿಗೆ ಉಪಯೋಗ. ಸಾಧ್ಯವಾದರೆ ಈ ಮಾತನ್ನೆಲ್ಲ ಮಗುವೇ ಆಡಲಿ, ನೀವು ಪಕ್ಕದಲ್ಲಿರಿ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ, ಅವರು ತಾಳ್ಮೆಯಿಂದ ಕೇಳುತ್ತಾರೆ.

ಪುಸ್ತಕದ ಬೆನ್ನಿನ ಮೇಲೆ ಚಿಕ್ಕ ಚೀಟಿ ಇರುತ್ತದೆ. ಸಾಮಾನ್ಯವಾಗಿ ಇ ಅಂತಿದ್ದರೆ ಚಿತ್ರಪುಸ್ತಕ, ಜೆ ಅಂತಿದ್ದರೆ ಸ್ವಲ್ಪ ದೊಡ್ಡ ಮಕ್ಕಳದ್ದು, ವೈ ಎ ಅಂತಿದ್ದರೆ ಹದಿಹರೆಯದವರದ್ದು. ಬಹುಮಾನದ ಮುದ್ರೆ ನೋಡಿಯೂ ಆರಿಸಬಹುದು. 1922ರಿಂದ ಮಕ್ಕಳ ಸಾಹಿತ್ಯಕ್ಕೆ ನ್ಯೂಬೆರಿ, 1938ರಿಂದ ಚಿತ್ರಪುಸ್ತಕದ ಚಿತ್ರಗಳಿಗೆ ಕಾಲ್ಡೆಕಾಟ್ ಪದಕ ಕೊಡುತ್ತಾ ಬಂದಿದ್ದಾರೆ. ನಮ್ಮ ಮಕ್ಕಳಿಗೆ ಅಂತ ನಾನು ಮೊದಲು ನೋಡುವುದು ಸೌತ್ ಏಷ್ಯಾ ಬುಕ್ ಅವಾರ್ಡ್ ಪಟ್ಟಿ. ಭಾರತ ಮತ್ತು ಸುತ್ತಲಿನ ದೇಶಗಳ ಬದುಕು, ಅಲ್ಲಿಂದ ಬಂದವರ ಬದುಕು ಇರುವ ಮಕ್ಕಳ ಪುಸ್ತಕಗಳಿಗೆ 2012ರಿಂದ ಕೊಡುತ್ತಿರುವ ಬಹುಮಾನ ಅದು. ತನ್ನಂಥದೇ ಹೆಸರಿನ, ತನ್ನಂಥದೇ ಅಜ್ಜಿ ಇರುವ ಮಗು ಕಥೆಯೊಳಗೆ ಸಿಕ್ಕಿದಾಗ ನಮ್ಮ ಮಕ್ಕಳ ಮುಖ ನೋಡಬೇಕು. ಆ ಪಟ್ಟಿಯ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಹೋಲ್ಡ್ ಹಾಕಿ, ಅಂದರೆ ನಿಮಗಾಗಿ ಕಾಯ್ದಿರಿಸಲು ಹೇಳಿ, ಬೇರೆ ಶಾಖೆಯಿಂದ ತರಿಸಿಕೊಡುತ್ತಾರೆ.

ದೊಡ್ಡವರಿಗೆ, ಅದರಲ್ಲೂ ರಜೆಗೆ ಬಂದ ಅಪ್ಪ ಅಮ್ಮ, ಅತ್ತೆ ಮಾವನವರಿಗೆ ಕನ್ನಡ ಪುಸ್ತಕ ಬೇಕು. ಊರಿನ ಲೈಬ್ರರಿಯಲ್ಲಿ ಹಿಂದಿ, ತೆಲುಗು ಕಪಾಟು ಕಂಡರೂ ಕನ್ನಡ ಸಿಗುವುದು ಅಪರೂಪ. ಹಾಗಂತ ಕೈಬಿಡಬೇಡಿ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಂತಿರುವ ಲೈಬ್ರರಿ ಆಫ್ ಕಾಂಗ್ರೆಸ್‌ಗೆ 1962ರಿಂದ ದೆಹಲಿಯಲ್ಲಿ ಒಂದು ಕಚೇರಿ ಇದೆ. ಕನ್ನಡವೂ ಸೇರಿ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ಇಲ್ಲಿನ ವಿಶ್ವವಿದ್ಯಾಲಯಗಳ ಲೈಬ್ರರಿಗಳಿಗೂ ಕಳಿಸುತ್ತದೆ. ಹಾಗಾಗಿ ಕನ್ನಡದ ಕಾದಂಬರಿ, ಕವನ, ವಿಮರ್ಶೆ ಈ ದೇಶದಲ್ಲಿ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ಅದನ್ನು ನಿಮ್ಮ ಊರಿಗೆ ತರಿಸುವ ದಾರಿಗೆ ಇಂಟರ್‌ಲೈಬ್ರರಿ ಲೋನ್ ಅನ್ನುತ್ತಾರೆ. ಸಾವಿರಾರು ಲೈಬ್ರರಿಗಳ ಪುಸ್ತಕಗಳನ್ನು ಒಂದೇ ಕಡೆ ಹುಡುಕಬಹುದಾದ ವರ್ಲ್ಡ್‌ಕ್ಯಾಟ್ ಎಂಬ ಆನ್‌ಲೈನ್ ಪಟ್ಟಿಯಲ್ಲಿ ಪುಸ್ತಕ ಹುಡುಕಿ, ವಿವರ ಬರೆದುಕೊಂಡು ಡೆಸ್ಕಿಗೆ ಕೊಡಿ. ಬರಲು ಕೆಲವು ವಾರ ಬೇಕು. ಕೆಲವು ಕಡೆ ಅಂಚೆ ಖರ್ಚು ಕೇಳಬಹುದು. ಎಲ್ಲ ಪುಸ್ತಕವನ್ನೂ ಕಳಿಸುವುದಿಲ್ಲ, ಆದರೆ ಕೇಳಿದರೆ ತಾನೇ ಗೊತ್ತಾಗುವುದು?

ಹುಡುಕುವಾಗ ಒಂದು ಗುಟ್ಟು ನೆನಪಿಡಿ. ಅಲ್ಲಿ ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪದ್ಧತಿ ನಮ್ಮ ವಾಡಿಕೆಯದಲ್ಲ. ಶ, ಷ ಎರಡಕ್ಕೂ ಎಸ್ ಎಚ್ ಹಾಕಬೇಡಿ, ಬರೀ ಎಸ್ ಸಾಕು. ಚ ಅಕ್ಷರಕ್ಕೆ ಬರೀ ಸಿ. ತ ಅಕ್ಷರಕ್ಕೆ ಬರೀ ಟಿ, ನಾವು ಸೇರಿಸುವ ಎಚ್ ಅಲ್ಲಿಲ್ಲ. ದೀರ್ಘಕ್ಕೆ ಎರಡು ಎ, ಎರಡು ಇ ಬೇಡ: ‘ಆ’ಕ್ಕೆ ಒಂದೇ ಎ, ‘ಈ’ಗೆ ಒಂದೇ ಐ ಸಾಕು. ಹೀಗಾಗಿ ‘ಚರಿತ್ರೆ’ ಬೇಕಿದ್ದರೆ ಸಿ ಅಕ್ಷರದಿಂದ ಶುರು ಮಾಡಿ, ಎಲ್ಲೂ ಎಚ್ ಇಲ್ಲದೆ ಬರೆಯಬೇಕು. ‘ಈ ಪುಸ್ತಕ ಅಮೆರಿಕದಲ್ಲೇ ಇಲ್ಲ’ ಅಂತ ಅಂದುಕೊಂಡದ್ದು ಈ ಒಂದು ಎಚ್ ತೆಗೆದರೆ ಎಷ್ಟೋ ಸಲ ಸಿಕ್ಕಿಬಿಡುತ್ತದೆ.

ಮನೆಯಲ್ಲಿ ಒಬ್ಬರೇ ಇರುವವರಿಗೆ, ವೀಸಾ ಕಾರಣಕ್ಕೆ ಕೆಲಸ ಮಾಡಲಾಗದವರಿಗೆ ಇಂಗ್ಲಿಷ್ ಮಾತುಕತೆಯ ಗುಂಪುಗಳು ಹಲವು ಲೈಬ್ರರಿಗಳಲ್ಲಿ ನಡೆಯುತ್ತವೆ. ದುಡ್ಡು ಕೊಡಬೇಕಿಲ್ಲ, ಪರೀಕ್ಷೆ ಇಲ್ಲ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ ಅಂತ ವಿಚಾರಿಸಿ. ಇಲ್ಲಿಗೆ ಬಂದು ಮಧ್ಯಾಹ್ನವಿಡೀ ಕಿಟಕಿಯ ಹೊರಗೆ ನೋಡುತ್ತಾ ಕೂರುವ ಹಿರಿಯರಿಗೆ ವಾರಕ್ಕೊಂದು ಗಂಟೆ ಇನ್ನೊಬ್ಬರ ಜೊತೆ ಮಾತು ಸಿಗುವುದು ಸಣ್ಣ ವಿಷಯವಲ್ಲ.

ಕೊನೆಗೆ, ಕನ್ನಡದಲ್ಲೇ ಸ್ಟೋರಿ ಟೈಮ್ ಯಾಕಿಲ್ಲ ಅಂತ ಕೇಳುವವರಿಗೆ. ಬೇರೆ ಭಾಷೆಗಳಲ್ಲಿ ಕಥೆ ಓದುವ ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ಲೈಬ್ರರಿಗಳಿವೆ. ಆದರೆ ಬೇಸಿಗೆಯ ಕಾರ್ಯಕ್ರಮಗಳನ್ನು ತಿಂಗಳುಗಟ್ಟಲೆ ಮುಂಚೆಯೇ ನಿರ್ಧರಿಸಿರುತ್ತಾರೆ. ಮಕ್ಕಳ ಜೊತೆಗಿನ ಕೆಲಸವಾದ್ದರಿಂದ ನಿಮ್ಮ ಹಿನ್ನೆಲೆ ಪರಿಶೀಲನೆಯೂ ಆಗಬಹುದು. ಜೂನ್‌ನಲ್ಲಿ ಹೋಗಿ ಕೇಳಿದರೆ ತಡ. ಜನವರಿಯಲ್ಲೇ ಹೋಗಿ ಮಕ್ಕಳ ವಿಭಾಗದವರನ್ನು ಕಾಣಿ, ಎಷ್ಟು ಕನ್ನಡ ಮನೆಗಳು ಬರಬಹುದು ಅಂತ ಹೇಳಿ. ಕನ್ನಡ ಪುಸ್ತಕ ದಾನ ಮಾಡುವುದಿದ್ದರೂ ಅವರನ್ನೇ ಕೇಳಿ ಕೊಡಿ. ದಾನದ ಪೆಟ್ಟಿಗೆಗೆ ಹಾಕಿದ ಪುಸ್ತಕ ಬಹಳ ಸಲ ಕಪಾಟು ಸೇರುವುದಿಲ್ಲ, ಹಳೆ ಪುಸ್ತಕಗಳ ಮಾರಾಟಕ್ಕೆ ಹೋಗುತ್ತದೆ. ಅದರ ಬದಲು, ಲೈಬ್ರರಿಯೇ ಕೊಂಡುಕೊಳ್ಳಲಿ ಅಂತ ಸಲಹೆ ಕೊಡುವ ಫಾರಂ ಇರುತ್ತದೆ. ಒಂದೇ ಊರಿನ ನಾಲ್ಕಾರು ಮನೆಯವರು ಅದನ್ನು ತುಂಬಿ ಕೊಟ್ಟರೆ, ಇಲ್ಲಿ ಕನ್ನಡ ಓದುವವರಿದ್ದಾರೆ ಅಂತ ಅವರಿಗೂ ತಿಳಿಯುತ್ತದೆ.