ಮನೆಗೆಲಸಕ್ಕೆ ಬರುವವರಿಗೆ ಪಗಾರ ಚೀಟಿ ಬರೆಯುವುದು ಹೇಗೆ?

ಕೊಪ್ಪಳದಲ್ಲಿ ನಮ್ಮ ಓಣಿಯ ಮುಕ್ಕಾಲು ಮನೆಗಳಿಗೆ ಕಸ ಮುಸುರೆಗೆ ಒಬ್ಬರಾದರೂ ಬರುತ್ತಾರೆ. ಎಲ್ಲವೂ ಬಾಯಿಮಾತು. ಕಳೆದ ಬೇಸಿಗೆಯಲ್ಲಿ ಒಂದು ಮನೆಯವರು ಆರು ವರ್ಷದಿಂದ ಬರುತ್ತಿದ್ದ ಹೆಂಗಸನ್ನು ಬಿಡಿಸಿದರು, ಎರಡು ತಿಂಗಳ ಪಗಾರ ಬಾಕಿ. ಅರ್ಜಿ ಬರೆಯೋಣ ಅಂತ ನಾನೇ ಕೂತೆ. ಎಂದಿನಿಂದ ಕೆಲಸ, ಎಷ್ಟು ಹೊತ್ತು, ಎಷ್ಟು ಪಗಾರ, ಯಾವುದಕ್ಕೂ ಆಕೆಯ ಹತ್ತಿರ ಒಂದು ಚೂರು ಕಾಗದ ಇರಲಿಲ್ಲ.

ಕರ್ನಾಟಕದ ಕನಿಷ್ಠ ವೇತನದ ಪಟ್ಟಿಗೆ ಮನೆಗೆಲಸ 2004ರಲ್ಲೇ ಸೇರಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ತಂದ 189ನೇ ಒಪ್ಪಂದವಂತೂ ಕೆಲಸ, ಪಗಾರ, ವೇಳೆ, ರಜೆ ಎಲ್ಲವನ್ನೂ ಆದಷ್ಟು ಬರಹದಲ್ಲೇ ತಿಳಿಸಿ ಎನ್ನುತ್ತದೆ. ಭಾರತ ಅದರ ಪರ ಮತ ಹಾಕಿದೆ, ಆದರೆ ಅನುಮೋದಿಸಿಲ್ಲ. ಪ್ರತ್ಯೇಕ ಕಾನೂನಿನ ಬಗ್ಗೆ ಸಮಿತಿ ಮಾಡಿ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕೇಂದ್ರಕ್ಕೆ ಹೇಳಿತು. ಕಾನೂನು ಬರಲಿ, ಬರಲೇಬೇಕು. ಚೀಟಿ ಬರೆಯೋದಕ್ಕೆ ಅದನ್ನು ಕಾಯಬೇಕಿಲ್ಲ.

ಮೊದಲು ಒಂದು ಉದ್ದ ನೋಟ್‌ಬುಕ್ ತನ್ನಿ. ಹೆಸರು, ವಿಳಾಸ, ಕೆಲಸ ಶುರುವಾದ ತಾರೀಖು ಬರೆಯಿರಿ. ಅಷ್ಟೇ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕರಾರು ಪತ್ರ ಮಾತ್ರ ಬೇಡ. ನಾನು ನೋಡಿದ್ದು ಮನೆ ಬಾಡಿಗೆ ಕರಾರನ್ನೇ ತಿದ್ದಿದ್ದು, ಅದರಲ್ಲಿ ಕೆಲಸದವರಿಗೆ ಷರತ್ತುಗಳೇ ಹೊರತು ರಜೆಯ ಮಾತೇ ಇಲ್ಲ. ಬಾಂಡ್ ಪೇಪರೂ ಬೇಕಿಲ್ಲ. ಆಧಾರ್ ಕಾರ್ಡ್ ಇಸ್ಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳುವುದು ತಪ್ಪು, ಹಾಗೆ ಮಾಡಬೇಡಿ.

ಎಲ್ಲರೂ ಎಡವುವುದು ಕೆಲಸದ ಲೆಕ್ಕದಲ್ಲಿ. ‘ಮನೆಗೆಲಸ, ತಿಂಗಳಿಗೆ ಇಷ್ಟು’ ಅಂತ ಒಂದೇ ಸಾಲು ಬರೆದು ಮುಗಿಸುತ್ತಾರೆ. ಆಮೇಲೆ ಆ ಒಂದು ಸಾಲಿನೊಳಗೆ ಬಟ್ಟೆ ಬರುತ್ತದೆ, ಅಂಗಳ ಬರುತ್ತದೆ, ಅತ್ತೆಯವರ ಕಾಲು ತಿಕ್ಕುವುದೂ ಬರುತ್ತದೆ, ಪಗಾರ ಮಾತ್ರ ಅಲ್ಲೇ ಇರುತ್ತದೆ. ಅದಕ್ಕೆ ಒಂದು ವಾರ ಗಡಿಯಾರ ನೋಡಿ. ಬಂದ ಹೊತ್ತು, ಹೋದ ಹೊತ್ತು ಬರೆದಿಡಿ. ನಮ್ಮ ಮನೆಯಲ್ಲಿ ಒಂದು ತಾಸು ಅಂದುಕೊಂಡಿದ್ದು ಒಂದು ತಾಸು ನಲವತ್ತು ನಿಮಿಷ ಆಯಿತು. ನಮ್ಮ ಕಡೆ ನಳ ದಿನಾ ಬರಲ್ಲ ಅಲ್ವಾ, ಬಂದ ದಿನ ಕೊಡ, ಡ್ರಮ್ಮು, ಸಿಂಟೆಕ್ಸ್ ತುಂಬಿಸಬೇಕು, ಕೂಡಿಟ್ಟ ಹೊದಿಕೆಗಳನ್ನು ಒಗೆಯಬೇಕು, ಅವತ್ತು ಮೂರು ತಾಸು. ‘ನಳ ಬಂದ ದಿನ’ ಅಂತಲೇ ಬೇರೆ ಸಾಲು ಹಾಕಿ, ಅದಕ್ಕೆ ಬೇರೆ ದುಡ್ಡು ಬರೆಯಿರಿ. ರೊಟ್ಟಿ ಬಡಿಯುವುದಿದ್ದರೆ ಅದಕ್ಕೂ ಬೇರೆ ಸಾಲು: ದಿನಕ್ಕೆ ಎಷ್ಟು ರೊಟ್ಟಿ, ಬೀಗರು ಬಂದಾಗ ಎಷ್ಟು.

ಒಟ್ಟು ತಾಸು ಸಿಕ್ಕಿದ ಮೇಲೆ ಕನಿಷ್ಠ ವೇತನದ ಜೊತೆ ಹೋಲಿಸಿ. ಅದರಲ್ಲಿ ಬೆಲೆ ಏರಿಕೆಗೆ ಅಂತ ಸೇರಿಸುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಹಾಗಾಗಿ ಹಳೇ ಪಟ್ಟಿ ನೋಡಬೇಡಿ, ಕಾರ್ಮಿಕ ಇಲಾಖೆಯಲ್ಲಿ ಈ ವರ್ಷದ್ದೇ ಕೇಳಿ. ಅದು ಕನಿಷ್ಠ, ಅದಕ್ಕಿಂತ ಜಾಸ್ತಿ ಕೊಡಿ.

ಸೂಟಿ: ವಾರಕ್ಕೊಂದು ದಿನ, ಪಗಾರ ಕಡಿಯದೆ. ಗವಿಮಠದ ಜಾತ್ರೆಗೂ ಕೊಡಿ.

ಮುಂಗಡವನ್ನು ಪಗಾರದ ಹಾಳೆಯಲ್ಲಿ ಬರೆಯಲೇಬೇಡಿ. ಕೊನೆಯ ಪುಟದಿಂದ ಬೇರೆ ಲೆಕ್ಕ ಶುರು ಮಾಡಿ, ತಿಂಗಳಿಗೆ ಎಷ್ಟು ಹಿಡಿಯುವುದು ಅಂತ ಮೊದಲೇ ಮಾತಾಡಿ ಬರೆಯಿರಿ. ‘ಸಾಲ ತೀರೋತನಕ ಬೇರೆ ಮನೆಗೆ ಹೋಗಂಗಿಲ್ಲ’ ಅನ್ನುವವರನ್ನು ನಾನು ನೋಡಿದ್ದೇನೆ. ಸಾಲಕ್ಕಾಗಿ ದುಡಿಮೆಗೆ ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಪರಾಧ.

ಈಗ ಇ-ಶ್ರಮ್, ಅಂದರೆ ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸುವ ಕೇಂದ್ರ ಸರ್ಕಾರದ ವೆಬ್‌ಸೈಟ್. 16ರಿಂದ 59 ವರ್ಷದವರಿಗೆ, ನಾವೇ ನೋಂದಣಿ ಮಾಡಿದರೆ ದುಡ್ಡಿಲ್ಲ, ಸಹಾಯವಾಣಿ 14434. ಆಧಾರ್‌ಗೆ ಗಂಡನ ಅಥವಾ ಮಗನ ನಂಬರ್ ಜೋಡಿಸಿದ್ದರೆ ಒಟಿಪಿ ಅವರಿಗೆ ಹೋಗುತ್ತದೆ, ಮೊದಲು ಅದನ್ನು ಬದಲಿಸಿ. ಉದ್ಯೋಗದ ಕಾಲಮ್ಮಿನಲ್ಲಿ ಸೈಬರ್‌ನವರು ಸುಮ್ನೆ ಕೃಷಿ ಕೂಲಿ ಅಂತ ಒತ್ತಿಬಿಡುತ್ತಾರೆ. ಪಕ್ಕದಲ್ಲಿ ನಿಂತು ಮನೆಗೆಲಸ ಅಂತಲೇ ಹಾಕಿಸಿ. ಬ್ಯಾಂಕ್ ಖಾತೆ ಆಕೆಯದ್ದೇ ಇರಲಿ.

ಚೀಟಿಯ ಹಿಂದೆ ಎರಡು ನಂಬರ್ ಬರೆಯಿರಿ: ಮಹಿಳಾ ಸಹಾಯವಾಣಿ 181, ಪೊಲೀಸ್ 112. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಗೆ ಮನೆಯೂ ಕೆಲಸದ ಜಾಗವೇ. ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು, ಬರೆಯಲು ಬರದಿದ್ದರೆ ಬರೆಯಲು ಸಮಿತಿಯೇ ನೆರವಾಗಬೇಕು. ಇದನ್ನು ಆಕೆಗೆ ಹೇಳಲು ಮುಜುಗರ ಪಡಬೇಡಿ.

ಕೊನೆಗೆ ಇಡೀ ಚೀಟಿಯನ್ನು ಜೋರಾಗಿ ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ನಮ್ಮ ಮನೆಯಾಕೆ ಮೊದಲು, “ಚೀಟಿ ಯಾಕ್ರೀ ಅಕ್ಕಾರ, ನಿಮ್ಮ ಮ್ಯಾಲ ನಂಬಿಕಿ ಐತಿ” ಅಂದರು. ಓದಿದ ಮೇಲೆ ನಳದ ದಿನದ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಎರಡು ಪ್ರತಿ ಮಾಡಿ. ಆಕೆಯ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ, ಆಕೆಯ ಮೊಬೈಲಿನಲ್ಲೇ ಒಂದು ಫೋಟೊ ತೆಗೆದುಕೊಡಿ. ಪ್ರತಿ ತಿಂಗಳು ಪಗಾರ ಕೊಟ್ಟಾಗ ಎರಡೂ ಪ್ರತಿಯಲ್ಲಿ ತಾರೀಖು ಬಿದ್ದಿರಬೇಕು.