ಉಕ್ಕಿನ ಟ್ರಸ್ ಸೇತುವೆಯ ಚರಿತ್ರೆಯನ್ನು ಅದರ ಮೈಮೇಲೇ ಓದುವುದು ಹೇಗೆ?

ಉಕ್ಕಿನ ತುಂಡುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟಿಗೆ ಟ್ರಸ್ ಎನ್ನುತ್ತಾರೆ. ಅಂಥ ಹಳೆಯ ಸೇತುವೆ ಕಂಡರೆ ಎಲ್ಲರೂ ಮೊದಲು ಹುಡುಕುವುದು ಕಟ್ಟಿದವರ ಫಲಕವನ್ನು. ಅದರಲ್ಲಿರುವುದು ಹುಟ್ಟಿದ ವರ್ಷ ಮಾತ್ರ. ಆಮೇಲಿನ ಕತೆಯೆಲ್ಲ ಕೀಲುಗಳಲ್ಲಿ, ತೇಪೆಗಳಲ್ಲಿ ಸಿಗುತ್ತದೆ. ಇದನ್ನು ಕಲಿಯಲು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿ ಸೇತುವೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಸಿಯಾಟಲ್ ಕಡೆಯ ಕನ್ನಡಿಗರು ಐ-5 ಹೆದ್ದಾರಿಯಲ್ಲಿ ವ್ಯಾಂಕೂವರ್‌ಗೆ ಹೋಗುವಾಗ ಮೌಂಟ್ ವರ್ನನ್ ಬಳಿ ಇದನ್ನು ದಾಟಿಯೇ ಹೋಗಬೇಕು.

ಬೈನಾಕ್ಯುಲರ್, ಟಾರ್ಚ್, ಅಳತೆ ಟೇಪು, ಜೂಮ್ ಇರುವ ಕ್ಯಾಮೆರಾ ಸಾಕು. ಹೆದ್ದಾರಿಯ ಮೇಲೆ ನಿಲ್ಲಬೇಡಿ, ದಡದಿಂದಲೇ ನೋಡಿ. ಬಣ್ಣ ಕೆರೆಯಲೇಬೇಡಿ: ಹಳೆಯ ಸೇತುವೆಗಳ ಅಡಿಬಣ್ಣದಲ್ಲಿ ಸೀಸ ಇರುವುದೇ ಹೆಚ್ಚು, ಅದರ ಪುಡಿ ಉಸಿರಿಗೆ ಹೋದರೆ ವಿಷ.

ಮೊದಲು ಪಕ್ಕದಿಂದ ನೋಡಿ. ರಸ್ತೆ ಟ್ರಸ್ಸಿನ ಒಳಗೆ ಹಾದುಹೋದರೆ ಅದು ಥ್ರೂ ಟ್ರಸ್, ಟ್ರಸ್ಸು ರಸ್ತೆಯ ಕೆಳಗಿದ್ದರೆ ಡೆಕ್ ಟ್ರಸ್. ಓರೆ ತುಂಡುಗಳು ಡಬ್ಲ್ಯೂ ಆಕಾರದಲ್ಲಿದ್ದರೆ ವಾರೆನ್ ಎಂಬ ವಿನ್ಯಾಸ. ನೆಟ್ಟಗಿನ ಕಂಬಗಳ ನಡುವೆ ಓರೆ ತುಂಡುಗಳು ಸೇತುವೆಯ ಮಧ್ಯದ ಕಡೆಗೆ ಇಳಿದಿದ್ದರೆ ಪ್ರ್ಯಾಟ್. ಪ್ರ್ಯಾಟ್‌ನಲ್ಲಿ ಆ ಓರೆ ತುಂಡುಗಳು ಎಳೆತ ತಡೆಯುತ್ತವೆ, ಹಾಗಾಗಿ ತೆಳು. ಕಂಬಗಳು ಒತ್ತಡ ಹೊರುತ್ತವೆ, ಹಾಗಾಗಿ ದಪ್ಪ. ಆದರೆ ಆಕಾರ ನೋಡಿ ವಯಸ್ಸು ಹೇಳಲು ಹೋಗಬೇಡಿ. ಪ್ರ್ಯಾಟ್‌ಗೆ ಪೇಟೆಂಟ್ ಸಿಕ್ಕಿದ್ದು 1844ರಲ್ಲಿ, ವಾರೆನ್‌ಗೆ 1848ರಲ್ಲಿ. ಎರಡನ್ನೂ ನೂರು ವರ್ಷ ದಾಟಿದರೂ ಕಟ್ಟುತ್ತಲೇ ಇದ್ದರು.

ವಯಸ್ಸು ಹೇಳುವುದು ಕೀಲು. ತುದಿಯಲ್ಲಿ ಕಣ್ಣಿರುವ ಉದ್ದ ಪಟ್ಟಿಗಳನ್ನು ದಪ್ಪ ಪಿನ್ನಿಗೆ ಪೋಣಿಸಿದ್ದರೆ, ಅಮೆರಿಕದ ಮಟ್ಟಿಗೆ, ಸಾಮಾನ್ಯವಾಗಿ 19ನೇ ಶತಮಾನದ ಕೊನೆ ಅಥವಾ 20ನೆಯದರ ಆರಂಭ. ಗುಂಡುತಲೆಯ ರಿವೆಟ್ಟುಗಳಿದ್ದರೆ (ಕಾಯಿಸಿ ಬಡಿದು ಕೂರಿಸುವ ಮೊಳೆಗಳು) ಅದರ ನಂತರದ್ದು. ಷಟ್ಕೋನದ ತಲೆಯ ಹೈ ಸ್ಟ್ರೆಂತ್ ಬೋಲ್ಟುಗಳು ಅಲ್ಲಿ 1950ರ ದಶಕದಿಂದ ಬಂದವು. ಈ ಲೆಕ್ಕ ಭಾರತಕ್ಕೆ ಹೊಂದುವುದಿಲ್ಲ, ನಮ್ಮಲ್ಲಿ ರಿವೆಟ್ಟು ಬಹಳ ಕಾಲ ಉಳಿಯಿತು. ರಿವೆಟ್ಟುಗಳ ಸಾಲಿನ ನಡುವೆ ನಾಲ್ಕೈದು ಬೋಲ್ಟು ಕಂಡರೆ ಅಲ್ಲಿ ರಿಪೇರಿ ಆಗಿದೆ ಎಂದೇ ಅರ್ಥ. ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಕೀಲಿನಲ್ಲಿ ತುಂಡುಗಳನ್ನು ಜೋಡಿಸುವ ಉಕ್ಕಿನ ತಗಡಾದ ಗಸೆಟ್ ಪ್ಲೇಟಿನ ಅಂಚಿಗೆ ಕಣ್ಣು ನೇರ ಇಟ್ಟು ನೋಡಿ. ಬಾಗಿದ್ದರೆ ಅದು ಸಣ್ಣ ವಿಷಯವಲ್ಲ. ಮಿನಿಯಾಪೊಲಿಸ್‌ನ ಐ-35ಡಬ್ಲ್ಯೂ ಸೇತುವೆಯ ಗಸೆಟ್ಟುಗಳು ಬಾಗಿದ್ದುದು ಕುಸಿತಕ್ಕೆ ವರ್ಷಗಳ ಮುಂಚಿನ ಫೋಟೋಗಳಲ್ಲೇ ಇತ್ತು. 1967ರ ಆ ಡೆಕ್ ಟ್ರಸ್‌ನ ಕೆಲವು ಗಸೆಟ್ಟುಗಳ ದಪ್ಪ ಬರೀ ಅರ್ಧ ಇಂಚು, ಬೇಕಿದ್ದದ್ದು ಅದರ ಸುಮಾರು ಎರಡರಷ್ಟು. 1977ರಲ್ಲಿ ರಸ್ತೆಯ ಮೇಲೆ 2 ಇಂಚು ಕಾಂಕ್ರೀಟ್ ಸೇರಿತು. 2007ರ ಆಗಸ್ಟ್ 1ರಂದು, ರಿಪೇರಿ ಸಾಮಗ್ರಿ ಡೆಕ್ಕಿನ (ರಸ್ತೆಯ ಹಾಸಿನ) ಮೇಲೆ ರಾಶಿ ಬಿದ್ದಿದ್ದಾಗ ಸೇತುವೆ ಕುಸಿದು 13 ಜನ ಸತ್ತರು. ಹಾಗಾಗಿ ಸೇತುವೆಗೆ ಯಾವಾಗ ಎಷ್ಟು ಭಾರ ಸೇರಿತು ಎಂಬ ಪಟ್ಟಿಯಿಲ್ಲದ ಚರಿತ್ರೆ ಅರ್ಧಂಬರ್ಧ.

ಈಗ ಸ್ಕ್ಯಾಜಿಟ್‌ಗೆ ಬನ್ನಿ. 1955ರಲ್ಲಿ ಕಟ್ಟಿದಾಗ ಇದಕ್ಕೆ ತಲಾ 160 ಅಡಿಯ 4 ಥ್ರೂ ಟ್ರಸ್ ಸ್ಪ್ಯಾನುಗಳಿದ್ದವು (ಎರಡು ಆಧಾರಗಳ ನಡುವಿನ ಭಾಗವೇ ಸ್ಪ್ಯಾನ್). ಇವತ್ತು ಎಣಿಸಿದರೆ 3. ಉತ್ತರದ ತುದಿಯದು ಬೋಳು: ತಲೆಯ ಮೇಲೆ ಉಕ್ಕಿಲ್ಲ, ಕೆಳಗೆ ಕಾಂಕ್ರೀಟ್ ತೊಲೆಗಳು. 2013ರ ಮೇ 23ರ ಸಂಜೆ ಎತ್ತರದ ಸರಕು ಹೊತ್ತು ದಕ್ಷಿಣಕ್ಕೆ ಹೋಗುತ್ತಿದ್ದ ಟ್ರಕ್ಕು ಎರಡು ಬದಿಯ ಟ್ರಸ್ಸುಗಳನ್ನು ರಸ್ತೆಯ ಮೇಲೆ ಜೋಡಿಸುವ ಅಡ್ಡ ಬ್ರೇಸುಗಳಿಗೆ ಬಡಿಯಿತು. ಬ್ರೇಸುಗಳ ಕೆಳಅಂಚು ಕಮಾನಿನಂತೆ ಬಾಗಿತ್ತು. ಮಧ್ಯದಲ್ಲಿ ಎತ್ತರ ಸಾಕಷ್ಟು, ಹೊರಗಿನ ಲೇನಿನಲ್ಲಿ ಕಡಿಮೆ. ಟ್ರಕ್ಕು ಹೊರಗಿನ ಲೇನಿನಲ್ಲಿತ್ತು. ಟ್ರಸ್ಸಿನ ಮೇಲಿನ ಕಾರ್ಡ್ (ಮೇಲಂಚಿನ ಉದ್ದನೆಯ ತುಂಡು) ಒತ್ತಡ ಹೊರುವ ತುಂಡು, ಅದನ್ನು ನೆಟ್ಟಗೆ ಹಿಡಿದಿಡುವುದು ಈ ಬ್ರೇಸುಗಳೇ. ಆ ಹೊಡೆತಕ್ಕೆ ಟ್ರಸ್ಸು ಸೊಟ್ಟಗಾಗಿ ಇಡೀ ಸ್ಪ್ಯಾನ್ ನದಿಗೆ ಬಿತ್ತು. ನೀರಿಗೆ ಬಿದ್ದ ಮೂವರೂ ಬದುಕಿದರು. ಒಂದು ಮುಖ್ಯ ತುಂಡು ಕೈಕೊಟ್ಟರೆ ಭಾರ ಹೊರಲು ಬೇರೆ ದಾರಿಯಿಲ್ಲದ ಜಾತಿಯ ಸೇತುವೆ ಇದು. ಜೂನ್ 19ಕ್ಕೆ ತಾತ್ಕಾಲಿಕ ಸ್ಪ್ಯಾನ್ ತೆರೆಯಿತು, ಸೆಪ್ಟೆಂಬರ್‌ನಲ್ಲಿ ಕಾಯಂ ಸ್ಪ್ಯಾನನ್ನು ಪಕ್ಕದಿಂದ ಸರಿಸಿ ಕೂರಿಸಿದರು. ಉಳಿದ ಮೂರರ ಬ್ರೇಸುಗಳನ್ನೂ ಆಮೇಲೆ ಬದಲಿಸಿ ಎತ್ತರ ಹೆಚ್ಚಿಸಿದರು. ಹಾಗಾಗಿ ಅಲ್ಲಿನ ಬ್ರೇಸು ನೋಡಿ 1955 ಎಂದು ಬರೆದರೆ ತಪ್ಪು.

ಕೊನೆಗೆ ಕಾಗದ. ಅಮೆರಿಕದ ರಾಷ್ಟ್ರೀಯ ಸೇತುವೆ ದಾಖಲೆ ಎಲ್ಲರಿಗೂ ತೆರೆದಿದೆ. ಹಳೆಯ ಕೋಡಿಂಗ್ ಪದ್ಧತಿಯ ಕಲಂ 27 ಕಟ್ಟಿದ ವರ್ಷ, 106 ಮರುನಿರ್ಮಾಣದ ವರ್ಷ, 53 ರಸ್ತೆಯ ಮೇಲಿನ ಕನಿಷ್ಠ ಎತ್ತರ. ಕಲಂ 43ರಲ್ಲಿ 310 ಎಂದಿದ್ದರೆ ಉಕ್ಕಿನ ಥ್ರೂ ಟ್ರಸ್, 409 ಎಂದಿದ್ದರೆ ಒಂದೇ ಟ್ರಸ್ಸು ಕೆಳಗಿನ ಆಧಾರ ಕಂಬಗಳನ್ನು ದಾಟಿ ಮುಂದುವರಿಯುವ ಡೆಕ್ ಟ್ರಸ್. 27ರಲ್ಲಿ 1900 ಎಂಬಂಥ ಗುಂಡು ಸಂಖ್ಯೆ ಕಂಡರೆ ಅಂದಾಜು ಎಂದುಕೊಳ್ಳಿ. ಅಂಥಲ್ಲಿ ಕಾಗದಕ್ಕಿಂತ ಕೀಲನ್ನು ನಂಬುವುದು ವಾಸಿ.